ಮನೆಯಲ್ಲೇ ಕಟ್ಟಿದ ವಿಮಾನಕ್ಕೆ ರೋಟರಿ ಎಂಜಿನ್: ಫ್ಯೂಯಲ್ ಇಂಜೆಕ್ಷನ್ ಟ್ಯೂನ್ ಮಾಡುವುದು ಹೇಗೆ?

ಮಾಜ್ದಾ ಕಂಪನಿಯ 13ಬಿ ಎಂಜಿನ್ ಹುಟ್ಟಿದ್ದು ಕಾರಿಗಾಗಿ. ಅಮೆರಿಕದಲ್ಲಿ ಮನೆಯಲ್ಲೇ ವಿಮಾನ ಕಟ್ಟುವ ಹವ್ಯಾಸಿಗಳು ಅದನ್ನು ಗ್ಯಾರೇಜಿಗೆ ತಂದರು. ಗೇರ್‌ಬಾಕ್ಸ್ ಸೇರಿಸಿ, ಪ್ರೊಪೆಲರ್ ಕೂರಿಸಿ ಹಾರಿಸಿದರು. ಟ್ರೇಸಿ ಕ್ರೂಕ್ ಎಂಬುವರು ತಮ್ಮ ಆರ್‌ವಿ-4 ವಿಮಾನದಲ್ಲಿ ಈ ಎಂಜಿನ್ ಹಾರಿಸಿದ್ದಲ್ಲದೆ, ಅದಕ್ಕೆ ಬೇಕಾದ ಗೇರ್‌ಬಾಕ್ಸನ್ನೂ ಇಂಜೆಕ್ಷನ್ ಕಂಟ್ರೋಲರನ್ನೂ (ಎಷ್ಟು ಪೆಟ್ರೋಲ್ ಚಿಮ್ಮಬೇಕು ಅಂತ ನಿರ್ಧರಿಸುವ ಕಂಪ್ಯೂಟರ್) ತಯಾರಿಸಿ ಬೇರೆಯವರಿಗೆ ಕೊಟ್ಟರು. ಮೊದಲ ಮಹಾಯುದ್ಧದ ವಿಮಾನಗಳಲ್ಲಿ ಸಿಲಿಂಡರುಗಳೇ ತಿರುಗುತ್ತಿದ್ದ ರೋಟರಿ ಎಂಜಿನ್ ಬೇರೆ. ನಾವು ಮಾತಾಡುತ್ತಿರುವುದು ಫೆಲಿಕ್ಸ್ ವಾಂಕೆಲ್ ಹೆಸರು ಹೊತ್ತ, ತ್ರಿಕೋನದ ರೋಟರ್ ಇರುವ ಎಂಜಿನ್ ಬಗ್ಗೆ.

ಇದರಲ್ಲಿ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ಎರಡು ರೋಟರ್ ಮತ್ತು ಒಂದು ಎಕ್ಸೆಂಟ್ರಿಕ್ ಶಾಫ್ಟ್, ಮುಖ್ಯವಾಗಿ ತಿರುಗುವುದು ಇಷ್ಟೇ. ಹಾಗಾಗಿ ಎಂಜಿನ್ ಒಳಗೇ ಏನಾದರೂ ಮುರಿದು ನಿಲ್ಲುವ ಭಯ ಕಡಿಮೆ. ನಿಲ್ಲಿಸುವುದು ಹೆಚ್ಚಾಗಿ ಸುತ್ತಲಿನ ಸಾಮಾನು: ಪೆಟ್ರೋಲ್ ಪಂಪ್, ವೈರ್, ಸೆನ್ಸರ್, ಗೇರ್‌ಬಾಕ್ಸ್, ಕೂಲಿಂಗ್. ಎಂಜಿನ್ ಸರಿಯಾಗಿ ಓಡದಿದ್ದರೆ ಎಲ್ಲರೂ ಮೊದಲು ಲ್ಯಾಪ್‌ಟಾಪ್ ತೆರೆದು ಫ್ಯೂಯಲ್ ಟೇಬಲ್ (ಯಾವ ವೇಗ, ಯಾವ ಲೋಡಿಗೆ ಎಷ್ಟು ಪೆಟ್ರೋಲ್ ಅಂತ ಹೇಳುವ ಕೋಷ್ಟಕ) ತಿದ್ದಲು ಕೂರುತ್ತಾರೆ. ನಾನು ಹೇಳುವುದು ಇದರ ಉಲ್ಟಾ. ಪೆಟ್ರೋಲ್, ಕರೆಂಟ್, ಸೆನ್ಸರ್ ಮೂರನ್ನೂ ನಂಬಬಹುದು ಅಂತ ಖಾತ್ರಿ ಆಗುವವರೆಗೆ ಟೇಬಲ್ ಮುಟ್ಟಬೇಡಿ. ಈ ಮಾರ್ಗದರ್ಶಿಯ ಅರ್ಧ ಭಾಗ ಟೇಬಲ್‌ಗೆ ಮೊದಲಿನ ಕೆಲಸದ ಬಗ್ಗೆಯೇ ಇರುವುದು ಅದಕ್ಕೇ.

ಇಲ್ಲಿರುವುದು ಟರ್ಬೊ ಇಲ್ಲದ ಎರಡು ರೋಟರ್‌ನ 13ಬಿ ಮತ್ತು ಆರ್‌ಎಕ್ಸ್-8 ಕಾರಿನ ರೆನೆಸಿಸ್ ಎಂಜಿನ್‌ಗಳಿಗೆ ಹೊಂದುವ ಕ್ರಮ. ಟರ್ಬೊ ಇದ್ದರೆ ಡೆಟೊನೇಶನ್ (ಪೆಟ್ರೋಲ್ ಹದವಾಗಿ ಉರಿಯದೆ ಸಿಡಿಯುವುದು) ಅಪಾಯ ತುಂಬಾ ಜಾಸ್ತಿ. ಅದಕ್ಕೆ ಇಷ್ಟು ಸಾಲದು.

ಮೊದಲು ಸ್ವಲ್ಪ ಲೆಕ್ಕ

13ಬಿ ಎಂಜಿನ್‌ನ ಒಂದು ಚೇಂಬರ್ 654 ಸಿಸಿ. ಎರಡು ರೋಟರ್‌ಗೆ 1308 ಸಿಸಿ. ಶಾಫ್ಟ್ ಮೂರು ಸುತ್ತು ಹೊಡೆದಾಗ ರೋಟರ್ ಒಂದು ಸುತ್ತು ತಿರುಗುತ್ತದೆ. ರೋಟರ್‌ಗೆ ಮೂರು ಮುಖ. ಹಾಗಾಗಿ ಶಾಫ್ಟ್‌ನ ಪ್ರತಿ ಸುತ್ತಿಗೂ ಪ್ರತಿ ರೋಟರ್ ಒಂದು ಸಲ ಗಾಳಿ ಎಳೆದು, ಒಂದು ಸಲ ಉರಿಸುತ್ತದೆ. ನಾಲ್ಕು ಸ್ಟ್ರೋಕಿನ ಪಿಸ್ಟನ್ ಎಂಜಿನ್ ಎರಡು ಸುತ್ತಿಗೆ ಒಂದು ಸಲ ಉರಿಸುತ್ತದೆ. ಅಂದರೆ ಈ 1.3 ಲೀಟರ್ ಎಂಜಿನ್ ಕುಡಿಯುವ ಗಾಳಿ 2.6 ಲೀಟರ್ ಪಿಸ್ಟನ್ ಎಂಜಿನ್‌ನಷ್ಟು.

ಟ್ಯೂನಿಂಗ್‌ಗೆ ಇದರಿಂದ ಆಗುವ ಪರಿಣಾಮ ದೊಡ್ಡದು. 6000 ಆರ್‌ಪಿಎಂನಲ್ಲಿ ಶಾಫ್ಟ್ ಒಂದು ಸುತ್ತಿಗೆ ತೆಗೆದುಕೊಳ್ಳುವ ಸಮಯ 10 ಮಿಲಿಸೆಕೆಂಡ್. ಒಂದು ರೋಟರ್‌ಗೆ ಬೇಕಾದ ಪೆಟ್ರೋಲ್ ಅಷ್ಟರೊಳಗೆ ಬೀಳಬೇಕು. ಅದೇ ವೇಗದ ಪಿಸ್ಟನ್ ಎಂಜಿನ್‌ಗೆ 20 ಮಿಲಿಸೆಕೆಂಡ್ ಸಿಗುತ್ತದೆ. ರೋಟರಿಗೆ ದೊಡ್ಡ ಇಂಜೆಕ್ಟರ್ ಬೇಕಾಗುವುದು, ಪ್ರತಿ ರೋಟರ್‌ಗೂ ಪ್ರೈಮರಿ, ಸೆಕೆಂಡರಿ ಅಂತ ಎರಡೆರಡು ಇಡುವುದು ಇದಕ್ಕೇ. ಪ್ರೈಮರಿ ಯಾವಾಗಲೂ ಕೆಲಸ ಮಾಡುತ್ತದೆ. ಲೋಡ್ ಏರಿದಾಗ ಸೆಕೆಂಡರಿ ಜೊತೆಗೂಡುತ್ತದೆ.

ಈಗ ನಿಮ್ಮ ಇಂಜೆಕ್ಟರ್ ಸಾಕಾ ನೋಡೋಣ. ಎಂಜಿನ್ 180 ಎಚ್‌ಪಿ ಕೊಡುತ್ತದೆ ಅಂದುಕೊಳ್ಳಿ. ಫುಲ್ ಪವರ್‌ನಲ್ಲಿ ಪ್ರತಿ ಎಚ್‌ಪಿಗೆ ಗಂಟೆಗೆ ಕಾಲು ಕೆಜಿ ಪೆಟ್ರೋಲ್ ಹಿಡಿಯಿರಿ. ಒಟ್ಟು 45 ಕೆಜಿ. ಲೀಟರಿಗೆ 0.74 ಕೆಜಿ ಲೆಕ್ಕದಲ್ಲಿ ಸುಮಾರು 61 ಲೀಟರ್. ನಿಮಿಷಕ್ಕೆ ಸುಮಾರು 1000 ಸಿಸಿ. ನಿಮಿಷಕ್ಕೆ 460 ಸಿಸಿಯ ನಾಲ್ಕು ಇಂಜೆಕ್ಟರ್ ಇದ್ದರೆ 1840 ಸಿಸಿ ಸಿಗುತ್ತದೆ. ಧಾರಾಳ ಸಾಕು.

ಆದರೆ ವಿಮಾನಕ್ಕೆ ಇನ್ನೊಂದು ಪ್ರಶ್ನೆ ಕೇಳಲೇಬೇಕು: ಒಂದು ಜೋಡಿ ಕೈಕೊಟ್ಟರೆ ಉಳಿದ ಜೋಡಿಯಲ್ಲಿ ಎಷ್ಟು ಪವರ್ ಸಿಗುತ್ತದೆ? 6000 ಆರ್‌ಪಿಎಂನಲ್ಲಿ ಇಂಜೆಕ್ಟರನ್ನು ಶೇ. 85ರಷ್ಟು ಸಮಯ, ಅಂದರೆ 8.5 ಮಿಲಿಸೆಕೆಂಡ್ ತೆರೆದಿಡಬಹುದು ಅಂದುಕೊಳ್ಳೋಣ. ಅದರಲ್ಲಿ ಸುಮಾರು 1 ಮಿಲಿಸೆಕೆಂಡ್ ಇಂಜೆಕ್ಟರ್ ತೆರೆದುಕೊಳ್ಳುವುದರಲ್ಲೇ ಕಳೆಯುತ್ತದೆ. ಇದನ್ನು ಡೆಡ್ ಟೈಮ್ ಅನ್ನುತ್ತಾರೆ. ಉಳಿದದ್ದು 7.5. ಎರಡು ಇಂಜೆಕ್ಟರಿನ 920 ಸಿಸಿಯಲ್ಲಿ ಸಿಗುವುದು 690 ಸಿಸಿ. ಸುಮಾರು 120 ಎಚ್‌ಪಿಗೆ ಸಾಕಾಗುವಷ್ಟು. ಎರಡು ಸೀಟಿನ ವಿಮಾನ ಎತ್ತರ ಕಾಯ್ದುಕೊಂಡು ರನ್‌ವೇಗೆ ಮರಳಲು ಇದು ಸಾಕು. ನಿಮ್ಮ ಇಂಜೆಕ್ಟರ್ ಸೈಜಿಗೆ ಈ ಲೆಕ್ಕ ಮಾಡಿ, ಬರುವ ಸಂಖ್ಯೆಯನ್ನು ಬರೆದಿಡಿ.

ಪೆಟ್ರೋಲ್ ಲೈನ್

ಇಂಜೆಕ್ಷನ್‌ಗೆ ಬೇಕಾದ ಪ್ರೆಶರ್ ಸಾಮಾನ್ಯವಾಗಿ 2.7ರಿಂದ 3 ಬಾರ್. ಪಂಪ್ ಎರಡಿರಬೇಕು. ಒಂದೊಂದಕ್ಕೂ ಬೇರೆ ಸ್ವಿಚ್, ಬೇರೆ ಫ್ಯೂಸ್, ಬೇರೆ ಕರೆಂಟ್ ದಾರಿ. ಪಂಪನ್ನು ಟ್ಯಾಂಕಿಗಿಂತ ತಗ್ಗಿನಲ್ಲಿ, ಎಂಜಿನ್ ಬಿಸಿಯಿಂದ ದೂರದಲ್ಲಿ ಇಡಿ. ಈ ಪಂಪುಗಳು ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ಮೆತ್ತಗೆ. ಬಿಸಿಯಾದ ಪೆಟ್ರೋಲನ್ನು ಎಳೆಯಲು ಹೋದರೆ ಅದು ಲೈನಿನಲ್ಲೇ ಕುದಿದು ಆವಿಯಾಗುತ್ತದೆ. ಪಂಪ್‌ನ ಹಿಂದೆ ದಪ್ಪ ಕಣ್ಣಿನ ಫಿಲ್ಟರ್, ಮುಂದೆ 10 ಮೈಕ್ರಾನ್ ಫಿಲ್ಟರ್ ಹಾಕಿ. ಪ್ರೆಶರ್ ಹಿಡಿದಿಡುವ ರೆಗ್ಯುಲೇಟರ್‌ಗೆ ಮ್ಯಾನಿಫೋಲ್ಡ್‌ನಿಂದ (ಎಂಜಿನ್‌ಗೆ ಗಾಳಿ ಒಯ್ಯುವ ಪೈಪ್) ಒಂದು ಟ್ಯೂಬ್ ಕೊಡಿ. ಇದರಿಂದ ಇಂಜೆಕ್ಟರ್‌ನ ಎರಡೂ ಬದಿಯ ಪ್ರೆಶರ್ ವ್ಯತ್ಯಾಸ ಯಾವಾಗಲೂ ಒಂದೇ ಇರುತ್ತದೆ. ಉಳಿದ ಪೆಟ್ರೋಲ್ ಯಾವ ಟ್ಯಾಂಕಿನಿಂದ ಬಂತೋ ಅದೇ ಟ್ಯಾಂಕಿಗೆ ವಾಪಸ್ ಹೋಗಬೇಕು. ಇಲ್ಲದಿದ್ದರೆ ಒಂದು ಟ್ಯಾಂಕ್ ಖಾಲಿಯಾಗಿ ಇನ್ನೊಂದು ತುಂಬಿ ಹೊರಗೆ ಚೆಲ್ಲುತ್ತದೆ.

ಈಗ ಅಳೆಯಿರಿ. ವಿಮಾನದ ಮೂತಿಯನ್ನು ಗರಿಷ್ಠ ಕ್ಲೈಂಬ್ ಕೋನಕ್ಕೆ ಎತ್ತಿ ನಿಲ್ಲಿಸಿ. ಟ್ಯಾಂಕಿನಲ್ಲಿ ಕಡಿಮೆ ಪೆಟ್ರೋಲ್ ಇರಲಿ. ಒಂದು ಪಂಪ್ ಮಾತ್ರ ಹಾಕಿ, ರೇಲ್‌ನಲ್ಲಿ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಪೈಪ್) ಪೂರ್ತಿ ಪ್ರೆಶರ್ ಇಟ್ಟುಕೊಂಡು, ರಿಟರ್ನ್ ಲೈನಿನಲ್ಲಿ ಬರುವ ಪೆಟ್ರೋಲನ್ನು ಕ್ಯಾನಿಗೆ ಹಿಡಿಯಿರಿ. ಪಂಪ್ ಇರುವ ವಿಮಾನಗಳಿಗೆ ಅಮೆರಿಕದ ವಿಮಾನಯಾನ ಸಂಸ್ಥೆ ಎಫ್‌ಎಎ ಹೇಳುವ ಅಳತೆ ಫುಲ್ ಪವರ್‌ಗೆ ಬೇಕಾದದ್ದರ ಶೇ. 125. ನಮ್ಮ ಉದಾಹರಣೆಯಲ್ಲಿ ಗಂಟೆಗೆ ಸುಮಾರು 76 ಲೀಟರ್. ಎರಡನೇ ಪಂಪಿಗೂ ಇದೇ ಪರೀಕ್ಷೆ ಮಾಡಿ. ಹತ್ತಿರ ಬೆಂಕಿ ನಂದಿಸುವ ಸಿಲಿಂಡರ್ ಇರಲೇಬೇಕು. ಮುಚ್ಚಿದ ಗ್ಯಾರೇಜಿನೊಳಗೆ ಈ ಕೆಲಸ ಬೇಡವೇ ಬೇಡ.

ಸೀಲುಗಳ ಆಯಿಲ್ ವಿಷಯವನ್ನೂ ಈಗಲೇ ತೀರ್ಮಾನಿಸಿ. ರೋಟರ್ ತುದಿಯ ಅಪೆಕ್ಸ್ ಸೀಲ್‌ಗೆ ಆಯಿಲ್ ಬೇಕು. ಕಾರಿನಲ್ಲಿ ಅದಕ್ಕೊಂದು ಚಿಕ್ಕ ಪಂಪ್ ಇರುತ್ತದೆ. ಹಾರಿಸುವವರಲ್ಲಿ ಹಲವರು ಅದನ್ನು ತೆಗೆದು, ಟೂ-ಸ್ಟ್ರೋಕ್ ಆಯಿಲನ್ನು ಪೆಟ್ರೋಲಿಗೇ ಬೆರೆಸುತ್ತಾರೆ. ಗ್ಯಾಲನ್‌ಗೆ ಒಂದು ಔನ್ಸ್ ರೂಢಿ. ನಮ್ಮ ಲೆಕ್ಕದಲ್ಲಿ ಲೀಟರಿಗೆ 8 ಮಿಲಿ ಹತ್ತಿರ. ಟ್ಯೂನ್ ಮಾಡುವಾಗಲೂ ಇದೇ ಮಿಶ್ರಣ ಟ್ಯಾಂಕಿನಲ್ಲಿ ಇರಬೇಕು.

ಕರೆಂಟ್ ಮತ್ತು ಟೈಮಿಂಗ್

ಹಳೆಯ ವಿಮಾನ ಎಂಜಿನ್‌ಗೆ ಮ್ಯಾಗ್ನೆಟೊ (ತಾನೇ ಕರೆಂಟ್ ಹುಟ್ಟಿಸಿ ಸ್ಪಾರ್ಕ್ ಕೊಡುವ ಸಾಧನ) ಇರುತ್ತದೆ. ಬ್ಯಾಟರಿ ಸತ್ತರೂ ಅದು ಓಡುತ್ತದೆ. ಇಲ್ಲಿ ಹಾಗಿಲ್ಲ. ಕರೆಂಟ್ ಹೋದರೆ ಪಂಪ್, ಇಂಜೆಕ್ಟರ್, ಸ್ಪಾರ್ಕ್ ಮೂರೂ ಒಟ್ಟಿಗೆ ಹೋಗುತ್ತವೆ. ಎರಡು ಬ್ಯಾಟರಿ, ಎರಡು ದಾರಿ ಇಡುವುದೇ ಸರಿ ಅಂತ ನನ್ನ ನಂಬಿಕೆ. ಆಲ್ಟರ್ನೇಟರ್ ನಿಂತ ಮೇಲೆ ಎಷ್ಟು ನಿಮಿಷ ಓಡುತ್ತದೆ ಅನ್ನುವುದನ್ನು ನೆಲದ ಮೇಲೆ ಎಂಜಿನ್ ಓಡಿಸಿಯೇ ಅಳೆಯಿರಿ. ಬ್ಯಾಟರಿ ಮೇಲೆ ಬರೆದ ಸಂಖ್ಯೆ ನೋಡಿ ಅಂದಾಜು ಮಾಡಬೇಡಿ.

ವೋಲ್ಟೇಜ್ ಇಳಿದಾಗ ಇಂಜೆಕ್ಟರ್ ನಿಧಾನವಾಗಿ ತೆರೆಯುತ್ತದೆ. ಡೆಡ್ ಟೈಮ್ ಹೆಚ್ಚುತ್ತದೆ. ಇಸಿಯು (ಮೊದಲು ಹೇಳಿದ ಕಂಟ್ರೋಲರ್) ಇದನ್ನು ಸರಿದೂಗಿಸದಿದ್ದರೆ, ಆಲ್ಟರ್ನೇಟರ್ ಕೈಕೊಟ್ಟ ಹೊತ್ತಿನಲ್ಲೇ ಎಂಜಿನ್ ಲೀನ್ ಆಗುತ್ತದೆ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ ಬೀಳುತ್ತದೆ (ಹೆಚ್ಚು ಬಿದ್ದರೆ ರಿಚ್). ಸ್ಥಿರ ಆರ್‌ಪಿಎಂನಲ್ಲಿ ಓಡಿಸುತ್ತಾ ಆಲ್ಟರ್ನೇಟರ್ ಆಫ್ ಮಾಡಿ. 14 ವೋಲ್ಟಿನಿಂದ 12ಕ್ಕೆ ಇಳಿಯುವಾಗ ಮಿಕ್ಸ್‌ಚರ್ (ಗಾಳಿ-ಪೆಟ್ರೋಲ್ ಮಿಶ್ರಣ) ಮೀಟರ್ ಅಲುಗಾಡದಿದ್ದರೆ ಸರಿದೂಗಿಸುವಿಕೆ ಸರಿಯಾಗಿದೆ ಅಂತ ಅರ್ಥ.

ಟೈಮಿಂಗ್ ಸರಿ ಇದೆಯಾ ಅಂತ ಟೈಮಿಂಗ್ ಲೈಟ್ ಹಾಕಿ ನೋಡಿದ ಮೇಲೇ ಪೆಟ್ರೋಲ್ ಟ್ಯೂನ್ ಮಾಡಬೇಕು. ಪ್ರತಿ ರೋಟರ್‌ಗೆ ಎರಡು ಪ್ಲಗ್: ಮೊದಲು ಹೊತ್ತಿಸುವ ಲೀಡಿಂಗ್, ಸ್ವಲ್ಪ ತಡವಾಗಿ ಹೊತ್ತಿಸುವ ಟ್ರೇಲಿಂಗ್. ಹೆಚ್ಚಿನ ಕೆಲಸ ಲೀಡಿಂಗ್‌ನದ್ದು. ಶುರುವಿಗೆ ಲೀಡಿಂಗ್ ಟಿಡಿಸಿಗಿಂತ (ಚೇಂಬರ್ ಅತಿ ಹೆಚ್ಚು ಕುಗ್ಗಿರುವ ಸ್ಥಾನ) 18ರಿಂದ 20 ಡಿಗ್ರಿ ಮೊದಲು, ಟ್ರೇಲಿಂಗ್ ಅದರ 10 ಡಿಗ್ರಿ ನಂತರ ಇರಲಿ. ಕಾರಿನ ಪುಲ್ಲಿ ಮೇಲಿನ ಗುರುತು ಸೊನ್ನೆ ಡಿಗ್ರಿ ಅಂದುಕೊಂಡು ಮೋಸ ಹೋಗಬೇಡಿ. ಟಿಡಿಸಿ ಗುರುತನ್ನು ನೀವೇ ಹುಡುಕಿ ಪೇಂಟ್ ಹಾಕಿ. ಇಸಿಯು 20 ಅನ್ನುವಾಗ ಲೈಟಿನಲ್ಲೂ 20 ಕಾಣಬೇಕು. ಟೈಮಿಂಗ್ ತಡವಾಗಿದ್ದರೆ ಎಕ್ಸಾಸ್ಟ್ ಬಿಸಿ ಏರುತ್ತದೆ. ಅದನ್ನು ನೋಡಿ ಲೀನ್ ಅಂತ ತಪ್ಪು ತಿಳಿದು ಪೆಟ್ರೋಲ್ ಹೆಚ್ಚಿಸುತ್ತಾ ಹೋಗುತ್ತೀರಿ.

ವೈಡ್‌ಬ್ಯಾಂಡ್ ಸೆನ್ಸರ್ ಯಾವಾಗ ಸುಳ್ಳು ಹೇಳುತ್ತದೆ?

ಎಕ್ಸಾಸ್ಟ್‌ನಲ್ಲಿ ಎಷ್ಟು ಆಕ್ಸಿಜನ್ ಉಳಿದಿದೆ ಅಂತ ನೋಡಿ ಮಿಕ್ಸ್‌ಚರ್ ತಿಳಿಸುವುದು ವೈಡ್‌ಬ್ಯಾಂಡ್ ಸೆನ್ಸರ್. ಬಾಶ್ ಕಂಪನಿಯ ಎಲ್‌ಎಸ್‌ಯು 4.9 ಹೆಚ್ಚು ಬಳಕೆಯಲ್ಲಿದೆ. ಅದರ ಹತ್ತಿರ ಹಾಯುವ ಗ್ಯಾಸ್ ಸತತವಾಗಿ 930 ಡಿಗ್ರಿ ಸೆಲ್ಸಿಯಸ್ ದಾಟುವಂತಿಲ್ಲ. ರೋಟರಿಯ ಎಕ್ಸಾಸ್ಟ್ ಪೋರ್ಟ್ ಬಳಿ 900 ಡಿಗ್ರಿ ಮಾಮೂಲು. ಆದ್ದರಿಂದ ಸೆನ್ಸರನ್ನು ಪೋರ್ಟ್‌ನಿಂದ ಆದಷ್ಟು ದೂರ, ಸಾಧ್ಯವಾದರೆ ಒಂದು ಮೀಟರ್ ಕೆಳಗೆ ಇಡಿ. ಆದರೆ ವಿಮಾನದ ಎಕ್ಸಾಸ್ಟ್ ಪೈಪ್ ಗಿಡ್ಡ. ತೆರೆದ ತುದಿಗೆ ತೀರಾ ಹತ್ತಿರ ಇಟ್ಟರೆ ಐಡಲ್‌ನಲ್ಲಿ ಹೊರಗಿನ ಗಾಳಿ ಹಿಂದಕ್ಕೆ ನುಗ್ಗುತ್ತದೆ. ಸೆನ್ಸರ್ ಅದನ್ನು ಲೀನ್ ಅನ್ನುತ್ತದೆ. ಟ್ಯೂನಿಂಗ್ ಮುಗಿಯುವವರೆಗೆ ಪೈಪಿಗೆ ಒಂದು ತಾತ್ಕಾಲಿಕ ತುಂಡು ಜೋಡಿಸಿ ಉದ್ದ ಮಾಡಿಕೊಳ್ಳುವುದು ಒಳ್ಳೆಯ ಉಪಾಯ.

ಇನ್ನೊಂದು ಸುಳ್ಳು ಇದಕ್ಕಿಂತ ಕೆಟ್ಟದ್ದು. ಐಡಲ್‌ನಲ್ಲಿ ಎಂಜಿನ್ ಮಿಸ್ ಹೊಡೆಯುತ್ತಿದೆ ಅನ್ನಿ. ಉರಿಯದೇ ಹೋದ ಚೇಂಬರಿನಿಂದ ಪೆಟ್ರೋಲೂ ಹೊರಗೆ ಬರುತ್ತದೆ, ಆಕ್ಸಿಜನ್ನೂ ಬರುತ್ತದೆ. ಸೆನ್ಸರ್ ನೋಡುವುದು ಆಕ್ಸಿಜನ್ ಮಾತ್ರ. ಮೀಟರ್ 16 (ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ 16 ಪಾಲು ಗಾಳಿ) ತೋರಿಸುತ್ತದೆ. ನೀವು ಲೀನ್ ಅಂದುಕೊಂಡು ಪೆಟ್ರೋಲ್ ಹೆಚ್ಚಿಸುತ್ತೀರಿ. ಮಿಸ್ ಇನ್ನೂ ಜಾಸ್ತಿ ಆಗುತ್ತದೆ. ಮೀಟರ್ ಈಗ 17 ಅನ್ನುತ್ತದೆ. ಕೊನೆಗೆ ಪ್ಲಗ್ ಒದ್ದೆಯಾಗಿ ಎಂಜಿನ್ ನಿಲ್ಲುತ್ತದೆ. ಹೊಗೆ ಕಪ್ಪಾಗಿದ್ದು, ಕಣ್ಣು ಉರಿಯುವಷ್ಟು ಪೆಟ್ರೋಲ್ ವಾಸನೆ ಬರುತ್ತಿದ್ದು, ಮೀಟರ್ ಲೀನ್ ಅಂದರೆ ಮೂಗನ್ನೇ ನಂಬಿ. ಪೆಟ್ರೋಲ್ ಕಡಿಮೆ ಮಾಡಿ ನೋಡಿ.

ವಿಮಾನಗಳ 100ಎಲ್‌ಎಲ್ ಪೆಟ್ರೋಲಿನಲ್ಲಿ ಲೀಟರಿಗೆ 0.56 ಗ್ರಾಂವರೆಗೆ ಸೀಸ ಇರಬಹುದು. ಅದು ಈ ಸೆನ್ಸರನ್ನು ಕೊಲ್ಲುತ್ತದೆ. ಪ್ಲಗ್ ಮೇಲೂ ಕೂರುತ್ತದೆ. ರೋಟರಿಗೆ ಅಷ್ಟು ಆಕ್ಟೇನ್ ಬೇಕಾಗಿಯೂ ಇಲ್ಲ. ಮಾಮೂಲಿ ಕಾರಿನ ಪೆಟ್ರೋಲ್ ಸಾಕು. ಸೀಸದ ಪೆಟ್ರೋಲನ್ನೇ ಬಳಸಬೇಕಾದವರು ಸೆನ್ಸರನ್ನು ಟ್ಯೂನಿಂಗ್ ಸಾಮಾನು ಅಂತ ಭಾವಿಸಿ, ಬಿಡಿ ಸೆನ್ಸರ್ ಇಟ್ಟುಕೊಳ್ಳಿ. ದಿನನಿತ್ಯಕ್ಕೆ ಪ್ರತಿ ರೋಟರ್‌ಗೂ ಒಂದೊಂದು ಕೆ-ಟೈಪ್ ಎಕ್ಸಾಸ್ಟ್ ಟೆಂಪರೇಚರ್ ಪ್ರೋಬ್ ಇರಲಿ.

ಕಾರಿನ ಚಾಳಿ ಬಿಡಿಸಿ

ಮೊದಲ ಸ್ಟಾರ್ಟ್‌ಗೆ ಮುಂಚೆ ಇಸಿಯು ಸೆಟ್ಟಿಂಗ್‌ನಲ್ಲಿ ಕೆಲವನ್ನು ಆಫ್ ಮಾಡಬೇಕು. ಆಕ್ಸಿಜನ್ ಸೆನ್ಸರ್ ನೋಡಿ ತಾನೇ ಮಿಕ್ಸ್‌ಚರ್ ತಿದ್ದುವ ಕ್ಲೋಸ್ಡ್ ಲೂಪ್ ಬೇಡ. ಸೆನ್ಸರ್ ಸತ್ತಾಗ ಅದು ಎಂಜಿನ್ನನ್ನೂ ಜೊತೆಗೆ ಎಳೆದೊಯ್ಯುತ್ತದೆ. ತೊಂದರೆ ಕಂಡರೆ ಪವರ್ ಕಡಿಮೆ ಮಾಡುವ ಲಿಂಪ್ ಮೋಡ್ ಬೇಡ.

ಎಲ್ಲಕ್ಕಿಂತ ಮುಖ್ಯ, ಥ್ರಾಟಲ್ ಬಿಟ್ಟಾಗ ಪೆಟ್ರೋಲ್ ನಿಲ್ಲಿಸುವ ಫ್ಯೂಯಲ್ ಕಟ್ ಬೇಡ. ಯಾಕೆ ಅಂದರೆ, ಇಳಿಯುವಾಗ ನೀವು ಥ್ರಾಟಲ್ ಮುಚ್ಚಿದರೂ ಗಾಳಿಗೆ ಪ್ರೊಪೆಲರ್ ತಿರುಗುತ್ತಾ ಎಂಜಿನ್ನನ್ನು 3500–4000 ಆರ್‌ಪಿಎಂನಲ್ಲಿ ಎಳೆಯುತ್ತಿರಬಹುದು. ಆಗ ಮ್ಯಾನಿಫೋಲ್ಡ್ ಪ್ರೆಶರ್ ಐಡಲ್‌ಗಿಂತಲೂ ಕೆಳಗೆ, 30 ಕಿಲೊಪ್ಯಾಸ್ಕಲ್ ಹತ್ತಿರ ಹೋಗಬಹುದು. ಕಾರಿನ ಇಸಿಯು ಇದನ್ನು ಇಳಿಜಾರು ಅಂದುಕೊಂಡು ಪೆಟ್ರೋಲ್ ನಿಲ್ಲಿಸುತ್ತದೆ. ರನ್‌ವೇ ಹತ್ತಿರ ಬಂದು ಥ್ರಾಟಲ್ ತೆರೆದಾಗ ತಣ್ಣಗಾದ, ಒಣಗಿದ ಎಂಜಿನ್ ಕೆಮ್ಮುತ್ತದೆ. ಟೇಬಲ್‌ನ ಅತಿ ಕೆಳಗಿನ ಸಾಲಿನಲ್ಲೂ ನಿಜವಾದ ಮೌಲ್ಯ ತುಂಬಿ. ಸೊನ್ನೆ ಬಿಡಬೇಡಿ.

ಯಾವ ಪದ್ಧತಿಯಲ್ಲಿ ಪೆಟ್ರೋಲ್ ಲೆಕ್ಕ ಹಾಕಬೇಕು? ಆರ್‌ಪಿಎಂ, ಮ್ಯಾನಿಫೋಲ್ಡ್ ಪ್ರೆಶರ್ ಮತ್ತು ಒಳಬರುವ ಗಾಳಿಯ ಬಿಸಿ, ಈ ಮೂರನ್ನು ನೋಡುವ ಸ್ಪೀಡ್-ಡೆನ್ಸಿಟಿಯೇ ವಿಮಾನಕ್ಕೆ ಸೂಕ್ತ. ಎತ್ತರ ಏರಿದಂತೆ ಪ್ರೆಶರ್ ತಾನೇ ಇಳಿಯುತ್ತದೆ, ಪೆಟ್ರೋಲೂ ಇಳಿಯುತ್ತದೆ. ಬರೀ ಥ್ರಾಟಲ್ ಕೋನ ನೋಡುವ ಪದ್ಧತಿಗೆ ಎತ್ತರ ಗೊತ್ತಾಗುವುದಿಲ್ಲ. ಗಾಳಿಯ ಬಿಸಿ ಅಳೆಯುವ ಸೆನ್ಸರನ್ನು ಮಾತ್ರ ಎಂಜಿನ್ ಬಿಸಿ ತಾಗದ ಕಡೆ ಇಡಿ. ಬಿಸಿ ಎಂಜಿನ್ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದಾಗ, ಕಾದುಹೋದ ಸೆನ್ಸರ್ ಗಾಳಿ ಬಿಸಿಯಾಗಿದೆ ಅಂತ ಹೇಳಿ ಮಿಕ್ಸ್‌ಚರ್ ಲೀನ್ ಮಾಡುತ್ತದೆ.

ಮೊದಲ ಸ್ಟಾರ್ಟ್ ಮತ್ತು ಐಡಲ್

ವಿಮಾನದ ಬಾಲ ಕಟ್ಟಿ, ಚಕ್ರಕ್ಕೆ ತಡೆ ಕೊಡಿ. ಪ್ರೊಪೆಲರ್ ಸುತ್ತ ಯಾರೂ ಇರಬಾರದು. ಲ್ಯಾಪ್‌ಟಾಪ್ ಹಿಡಿದವರು ಒಬ್ಬರು, ಥ್ರಾಟಲ್ ಹಿಡಿದವರು ಇನ್ನೊಬ್ಬರು. ಎರಡನ್ನೂ ಒಬ್ಬರೇ ಮಾಡಬೇಡಿ.

ರೋಟರಿ ಸುಲಭವಾಗಿ ಫ್ಲಡ್ ಆಗುತ್ತದೆ. ಹೆಚ್ಚಾದ ಪೆಟ್ರೋಲ್ ಸೀಲಿನ ಮೇಲಿನ ಆಯಿಲನ್ನು ತೊಳೆದುಬಿಡುತ್ತದೆ. ಕಂಪ್ರೆಶನ್ ಬೀಳುತ್ತದೆ. ಆಮೇಲೆ ಎಷ್ಟು ಕ್ರ್ಯಾಂಕ್ ಮಾಡಿದರೂ ಹತ್ತುವುದಿಲ್ಲ. ಹಾಗಾದಾಗ ಇಂಜೆಕ್ಟರ್ ಆಫ್ ಮಾಡಿ, ಥ್ರಾಟಲ್ ಪೂರ್ತಿ ತೆರೆದು, ಕೆಲವು ಸೆಕೆಂಡ್ ಕ್ರ್ಯಾಂಕ್ ಮಾಡಿ. ಆಗಲೂ ಆಗದಿದ್ದರೆ ಪ್ಲಗ್ ಬಿಚ್ಚಿ ಒಣಗಿಸಿ. ಸ್ಟಾರ್ಟಿಂಗ್ ಪೆಟ್ರೋಲನ್ನು ಕಡಿಮೆಯಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಇಡೀ ಮಾರ್ಗದರ್ಶಿಯಲ್ಲಿ ಕಡಿಮೆಯಿಂದ ಶುರು ಮಾಡಿ ಅಂತ ಹೇಳುವ ಜಾಗ ಇದೊಂದೇ. ಓಡುವ ಎಂಜಿನ್‌ಗೆ ಯಾವಾಗಲೂ ರಿಚ್ ಕಡೆಯಿಂದ ಬರಬೇಕು.

13ಬಿಯ ಎಕ್ಸಾಸ್ಟ್ ಪೋರ್ಟ್ ಹೌಸಿಂಗ್‌ನಲ್ಲಿದೆ. ಇನ್‌ಟೇಕ್ ಜೊತೆ ಸ್ವಲ್ಪ ಹೊತ್ತು ಒಟ್ಟಿಗೆ ತೆರೆದಿರುತ್ತದೆ. ಐಡಲ್‌ನಲ್ಲಿ ಸುಟ್ಟ ಗ್ಯಾಸ್ ಹಿಂದಕ್ಕೆ ಬೆರೆಯುವುದರಿಂದ ಅದು ಸ್ವಲ್ಪ ಕುಂಟುವುದು ಸಹಜ. ರೆನೆಸಿಸ್‌ನಲ್ಲಿ ಎಕ್ಸಾಸ್ಟ್ ಪಕ್ಕದ ಗೋಡೆಗೆ ಬಂದಿದೆ, ಈ ಬೆರೆಯುವಿಕೆ ಇಲ್ಲ. ಅದರ ಐಡಲ್ ನಯ. 13ಬಿಗೆ 12.8ರಿಂದ 13.3ರ ನಡುವೆ ಎಲ್ಲಿ ಆರ್‌ಪಿಎಂ ಸ್ಥಿರವೋ ಅಲ್ಲಿ ಬಿಡಿ. ಐಡಲ್ ನಯ ಮಾಡುತ್ತಾ ದಿನಗಟ್ಟಲೆ ಕೂರುವುದು ವ್ಯರ್ಥ. ಗೇರ್‌ಬಾಕ್ಸ್ ಕಟಕಟ ಅನ್ನದಷ್ಟು ಐಡಲ್ ವೇಗ ಇದ್ದರೆ ಸಾಕು.

ನೆಲದ ಮೇಲೆ ಟೇಬಲ್ ತುಂಬುವುದು

ಕಾಕ್‌ಪಿಟ್‌ನಲ್ಲಿ ಮಿಕ್ಸ್‌ಚರ್ ನಾಬ್ ಇರಲೇಬೇಕು. ಕ್ರೂಕ್ ಅವರ ಕಂಟ್ರೋಲರ್‌ನಲ್ಲೂ, ಕೆನಡಾದ ಎಸ್‌ಡಿಎಸ್ ಕಂಪನಿಯ ಕಂಟ್ರೋಲರ್‌ನಲ್ಲೂ ಇದು ಇದೆ. ನಡುವೆ ಇದ್ದರೆ ಟೇಬಲ್ ಹೇಳಿದಷ್ಟೇ ಪೆಟ್ರೋಲ್. ತಿರುಗಿಸಿದರೆ ಅದರ ಮೇಲೆ ಶೇಕಡಾವಾರು ಹೆಚ್ಚು ಅಥವಾ ಕಡಿಮೆ. ಟ್ಯೂನ್ ಮಾಡುವುದು ಈ ನಾಬಿನಿಂದಲೇ.

ಹೀಗೆ ಮಾಡಿ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಥ್ರಾಟಲನ್ನು 3000 ಆರ್‌ಪಿಎಂಗೆ ತಂದು ಅಲುಗಾಡದಂತೆ ಹಿಡಿಯಿರಿ. ಮ್ಯಾನಿಫೋಲ್ಡ್ ಪ್ರೆಶರ್ ಬರೆದುಕೊಳ್ಳಿ. ಮೀಟರ್ ಸ್ಥಿರವಾಗುವವರೆಗೆ ಹತ್ತು ಸೆಕೆಂಡ್ ಕಾಯಿರಿ. 13 ಬೇಕಾದ ಕಡೆ 11.9 ಕಾಣುತ್ತಿದೆ ಅಂದುಕೊಳ್ಳಿ. ನಾಬನ್ನು ಲೀನ್ ಕಡೆಗೆ ನಿಧಾನ ತಿರುಗಿಸಿ. 13ಕ್ಕೆ ಬಂದಾಗ ನಾಬ್ ಎಷ್ಟು ತಿರುಗಿದೆ? ಮೈನಸ್ 8 ಅಥವಾ 9. ಅಷ್ಟನ್ನು ಆ ಜಾಗದ ಟೇಬಲ್ ಮೌಲ್ಯದಿಂದ ಕಳೆಯಿರಿ. ನಾಬನ್ನು ನಡುವಿಗೆ ತನ್ನಿ. ಮೀಟರ್ 13ರಲ್ಲೇ ನಿಂತಿದ್ದರೆ ಆ ಕೋಶ ಮುಗಿಯಿತು. 300–400 ಆರ್‌ಪಿಎಂ ಮೇಲಕ್ಕೆ ಹೋಗಿ.

ಸೂತ್ರ ಬೇಕಾದವರಿಗೆ: ಹೊಸ ಮೌಲ್ಯ ಅಂದರೆ ಹಳೆಯ ಮೌಲ್ಯ ಗುಣಿಸು ಕಂಡ ಅನುಪಾತ ಭಾಗಿಸು ಬೇಕಾದ ಅನುಪಾತ. 14.2 ಕಂಡು 12.5 ಬೇಕಿದ್ದರೆ 1.136, ಅಂದರೆ ಶೇ. 13.6 ಹೆಚ್ಚು. ಪೆಟ್ರೋಲ್ ಹೆಚ್ಚಿಸುವಾಗ ಪೂರ್ತಿ ಹೆಚ್ಚಿಸಿ. ನಾಬಿನಲ್ಲಿ ನೋಡದೆ ಸೂತ್ರದಿಂದಲೇ ಕಡಿಮೆ ಮಾಡುವಾಗ ಅರ್ಧ ಮಾತ್ರ ಕಡಿಮೆ ಮಾಡಿ ಮತ್ತೆ ಅಳೆಯಿರಿ.

ಗುರಿಗಳು ಹೀಗಿರಲಿ: ಟ್ಯಾಕ್ಸಿ ಮತ್ತು ಮಧ್ಯಮ ಪವರ್‌ಗೆ 13ರ ಆಸುಪಾಸು, ಫುಲ್ ಥ್ರಾಟಲ್‌ಗೆ 12ರಿಂದ 12.5. ರಿಚ್ ಅಂದ ಮಾತ್ರಕ್ಕೆ ಸುರಕ್ಷಿತ ಅಂತ 10.5ಕ್ಕೆ ಇಳಿಸಿದರೆ ಎಂಜಿನ್ ತಡವರಿಸುತ್ತದೆ, ಪವರ್ ಬೀಳುತ್ತದೆ. ಲೋಡ್ ಕಡಿಮೆ ಇದ್ದಾಗ ರೋಟರಿ ಲೀನ್ ಆದರೆ ಬರೀ ಸೊರಗುತ್ತದೆ, ಹಾಳಾಗುವುದಿಲ್ಲ. ಫುಲ್ ಥ್ರಾಟಲ್‌ನಲ್ಲಿ ಲೀನ್ ಆಗಿ ಡೆಟೊನೇಶನ್ ಬಂದರೆ ಅಪೆಕ್ಸ್ ಸೀಲ್ ಮುರಿಯಬಹುದು. ಅದಕ್ಕೆ ಎರಡನೇ ಅವಕಾಶ ಇಲ್ಲ.

ನೆಲದಲ್ಲಿ ನಿಂತ ವಿಮಾನಕ್ಕೆ ಗಾಳಿ ಸಾಲದು. ರೋಟರಿಯ ಕೂಲಿಂಗ್‌ನಲ್ಲಿ ಸುಮಾರು ಮೂರನೇ ಒಂದು ಭಾಗ ಬಿಸಿ ಆಯಿಲ್ ಮೂಲಕ ಹೋಗುತ್ತದೆ. ಕೂಲಂಟ್ ಮೀಟರ್ ಒಂದನ್ನೇ ನೋಡುತ್ತಾ ಕೂತರೆ ಸಾಲದು. ಕೂಲಂಟ್ 95, ಆಯಿಲ್ 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಥ್ರಾಟಲ್ ಇಳಿಸಿ ತಣಿಯಲು ಬಿಡಿ. ಫುಲ್ ಥ್ರಾಟಲ್ ಓಟ ಒಂದೊಂದೂ ಚಿಕ್ಕದಿರಲಿ.

ಫಿಕ್ಸೆಡ್ ಪಿಚ್ (ಅಲಗಿನ ಕೋನ ಬದಲಾಗದ) ಪ್ರೊಪೆಲರ್ ಇದ್ದರೆ ನೆಲದ ಮೇಲೆ ಟೇಬಲ್‌ನ ಒಂದು ಓರೆಗೆರೆ ಮಾತ್ರ ಸಿಗುತ್ತದೆ. ಇಷ್ಟು ಥ್ರಾಟಲ್‌ಗೆ ಇಷ್ಟೇ ಆರ್‌ಪಿಎಂ, ಇಷ್ಟೇ ಪ್ರೆಶರ್. ಹೆಚ್ಚು ಆರ್‌ಪಿಎಂ, ಕಡಿಮೆ ಪ್ರೆಶರ್ ಇರುವ ಕೋಶಗಳು ಆಕಾಶದಲ್ಲೇ ಸಿಗುವುದು. ಅವನ್ನು ಪಕ್ಕದ ಕೋಶ ನೋಡಿ ಅಂದಾಜಿನಲ್ಲಿ, ಶೇ. 5 ರಿಚ್ ಆಗಿ, ಏರಿಳಿತ ನಯವಾಗಿರುವಂತೆ ತುಂಬಿ. ಎತ್ತರದ ಊರಿನಲ್ಲಿ ಟ್ಯೂನ್ ಮಾಡುವವರಿಗೆ ಮೇಲಿನ ಸಾಲುಗಳೂ ಸಿಗುವುದಿಲ್ಲ. ಡೆನ್ವರ್‌ನಲ್ಲಿ ಫುಲ್ ಥ್ರಾಟಲ್‌ಗೂ 83 ಕಿಲೊಪ್ಯಾಸ್ಕಲ್ ಹತ್ತಿರವೇ ಸಿಗುವುದು. ನಮ್ಮ ಬೆಂಗಳೂರಿನ ಎತ್ತರದಲ್ಲೂ 91 ದಾಟುವುದಿಲ್ಲ. ಸಮುದ್ರದ ಮಟ್ಟದ ಊರಿಗೆ ಹಾರುವ ಮೊದಲು ಆ 100ರ ಸಾಲಿನಲ್ಲಿ ಏನಿದೆ ಅಂತ ತೆರೆದು ನೋಡಿ.

ಸೆಕೆಂಡರಿ ಸೇರುವ ಜಾಗ

ರೋಟರಿ ಟ್ಯೂನಿಂಗ್‌ನಲ್ಲಿ ಜನ ಹೆಚ್ಚು ಒದ್ದಾಡುವುದು ಇಲ್ಲಿ. ಸೆಕೆಂಡರಿ ಸೇರಿದ ಕ್ಷಣ ಇಂಜೆಕ್ಟರ್ ಎರಡಿದ್ದದ್ದು ನಾಲ್ಕಾಗುತ್ತದೆ. ಇಸಿಯು ಪಲ್ಸ್ ಅರ್ಧ ಮಾಡಬೇಕು. ಆದರೆ ಡೆಡ್ ಟೈಮ್ ಅರ್ಧ ಆಗುವುದಿಲ್ಲ. ಸೆಕೆಂಡರಿ ಸೈಜ್ ಬೇರೆ ಇದ್ದರಂತೂ ಲೆಕ್ಕ ಇನ್ನೂ ತಪ್ಪುತ್ತದೆ. ಫಲವಾಗಿ ಆ ಜಾಗದಲ್ಲಿ ಎಂಜಿನ್ ಒಂದು ಮುಗ್ಗರಿಸು ಮುಗ್ಗರಿಸುತ್ತದೆ.

ಸೇರುವ ಜಾಗದ ಸ್ವಲ್ಪ ಕೆಳಗೆ ಥ್ರಾಟಲ್ ಹಿಡಿದು ಮೀಟರ್ ಓದಿ. 13.0 ಇದೆ. ಸ್ವಲ್ಪ ಮೇಲಕ್ಕೆ ಒಯ್ಯಿರಿ. 11.8 ಆಯಿತು. ಅಂದರೆ ನಾಲ್ಕೂ ಸೇರಿ ಶೇ. 10ರಷ್ಟು ಹೆಚ್ಚು ಸುರಿಯುತ್ತಿವೆ. ಮೊದಲು ಡೆಡ್ ಟೈಮ್ ಸಂಖ್ಯೆ ಸರಿ ಮಾಡಿ. ಉಳಿದ ವ್ಯತ್ಯಾಸವನ್ನು ಸೆಕೆಂಡರಿಯ ಫ್ಲೋ ಸಂಖ್ಯೆಯಲ್ಲಿ ತಿದ್ದಿ. ಏರುವಾಗಲೂ ಇಳಿಯುವಾಗಲೂ ಪರೀಕ್ಷಿಸಿ. ಸೇರುವ ಪ್ರೆಶರ್‌ಗಿಂತ ಬಿಡುವ ಪ್ರೆಶರ್ ಸ್ವಲ್ಪ ಕೆಳಗಿರಲಿ, ಇಲ್ಲದಿದ್ದರೆ ಗಡಿಯಲ್ಲಿ ನಿಂತಾಗ ಪಟಪಟ ಅಂತ ಸೇರಿ ಬಿಟ್ಟು ಮಾಡುತ್ತದೆ. ಇನ್ನೊಂದು ಮಾತು: ಲ್ಯಾಂಡಿಂಗ್‌ಗೆ ಬರುವಾಗ ನೀವು ಇಡುವ ಪವರ್‌ನ ಆಸುಪಾಸಿನಲ್ಲಿ ಈ ಗಡಿ ಬೀಳಬಾರದು. ಬಿದ್ದರೆ ಗಡಿಯನ್ನೇ ಸರಿಸಿ.

ಬೇಕಂತಲೇ ಕೆಡಿಸಿ ನೋಡಿ

ಹಾರುವ ಮೊದಲು ನೆಲದ ಮೇಲೆ ಒಂದೊಂದನ್ನೇ ಕೆಡಿಸಬೇಕು. ಪ್ರೈಮರಿ ಆಫ್ ಮಾಡಿ. ನಾಬ್ ರಿಚ್ ಕಡೆ ತಿರುಗಿಸಿದರೆ ಸೆಕೆಂಡರಿಯಲ್ಲೇ ಓಡುತ್ತದಾ? ಉಲ್ಟಾ ಮಾಡಿ ನೋಡಿ. ಒಂದು ಪಂಪ್ ನಿಲ್ಲಿಸಿ. ಲೀಡಿಂಗ್ ಆಫ್, ಟ್ರೇಲಿಂಗ್ ಆಫ್. ಮ್ಯಾನಿಫೋಲ್ಡ್ ಪ್ರೆಶರ್ ಸೆನ್ಸರ್‌ನ ಟ್ಯೂಬ್ ಕಿತ್ತರೆ ಇಸಿಯು ಹೊರಗಿನ ಪೂರ್ತಿ ಗಾಳಿಯ ಒತ್ತಡ ಓದಿ ಫುಲ್ ಥ್ರಾಟಲ್ ಅಂದುಕೊಳ್ಳುತ್ತದೆ. ಎಂಜಿನ್ ಪೆಟ್ರೋಲಿನಲ್ಲಿ ಮುಳುಗುತ್ತದೆ. ಅದರಿಂದ ಹೊರಬರಲು ನಾಬ್ ಎಲ್ಲಿಗೆ ಹೋಗಬೇಕು, ಥ್ರಾಟಲ್ ಎಷ್ಟು ತೆರೆಯಬೇಕು ಅಂತ ಕೈಗೆ ರೂಢಿ ಆಗಬೇಕು. ಆ ಜಾಗಕ್ಕೆ ನಾಬ್ ಸುತ್ತ ಒಂದು ಕೆಂಪು ಗೀಟು ಹಾಕಿ.

ಎರಡು ಕಂಟ್ರೋಲರ್ ಇದ್ದರೆ ಇನ್ನೂ ಒಂದು ಕೆಲಸ. ಎ ಕಂಟ್ರೋಲರ್ ಟ್ಯೂನ್ ಮಾಡಿ ಮುಗಿಸಿದ ಖುಷಿಯಲ್ಲಿ ಬಿಯನ್ನು ಜನ ಮರೆತುಬಿಡುತ್ತಾರೆ. ಅದರಲ್ಲಿ ಫ್ಯಾಕ್ಟರಿಯ ಖಾಲಿ ಟೇಬಲ್ಲೇ ಕೂತಿರುತ್ತದೆ. ತುರ್ತಿನಲ್ಲಿ ಬಿಗೆ ಹೊರಳಿಸಿದಾಗ ಅದು ಎಂಜಿನ್ ಓಡಿಸಬೇಕು ಅಲ್ವಾ? ಟೇಬಲ್ ಕಾಪಿ ಮಾಡಿ, ಐಡಲ್‌ನಿಂದ ಫುಲ್ ಥ್ರಾಟಲ್‌ವರೆಗೆ ಬಿಯಲ್ಲೂ ಓಡಿಸಿ. ಪ್ರತಿ ಹಾರಾಟಕ್ಕೆ ಮೊದಲು ರನ್‌ಅಪ್‌ನಲ್ಲಿ (ನೆಲದ ಮೇಲಿನ ಎಂಜಿನ್ ಪರೀಕ್ಷೆ) ಸ್ವಿಚ್ ಹೊರಳಿಸಿ ನೋಡಿ.

ಆಕಾಶದಲ್ಲಿ

ಅಮೆರಿಕದಲ್ಲಿ ಸರ್ಟಿಫೈಡ್ ಅಲ್ಲದ ಎಂಜಿನ್ ಇರುವ ಇಂಥ ವಿಮಾನಗಳಿಗೆ ಮೊದಲ ಹಂತದ ಟೆಸ್ಟ್ ಫ್ಲೈಟ್ ಸಾಮಾನ್ಯವಾಗಿ 40 ಗಂಟೆ. ಗೊತ್ತುಪಡಿಸಿದ ಪ್ರದೇಶದೊಳಗೇ ಹಾರಬೇಕು. ಭಾರತದಲ್ಲಿ ವಿಮಾನಯಾನ ನಿಯಂತ್ರಕ ಡಿಜಿಸಿಎ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಟೇಬಲ್‌ನ ಉಳಿದ ಭಾಗ ತುಂಬಲು ಈ 40 ಗಂಟೆಯೇ ಸರಿಯಾದ ಸಮಯ.

ಮೊದಲ ಹಾರಾಟಗಳಲ್ಲಿ ಲ್ಯಾಪ್‌ಟಾಪ್ ಮುಟ್ಟಬೇಡಿ. ಇಸಿಯು ಲಾಗ್ ಬರೆಯುತ್ತಿರಲಿ, ನೀವು ವಿಮಾನ ಹಾರಿಸಿ. ಏರ್‌ಪೋರ್ಟ್ ಮೇಲೆಯೇ, ಎಂಜಿನ್ ನಿಂತರೂ ತೇಲಿ ರನ್‌ವೇ ಮುಟ್ಟುವ ಎತ್ತರದಲ್ಲಿ ಇರಿ. ಒಂದು ಪವರ್ ಇಟ್ಟು ಒಂದು ನಿಮಿಷ ಹಾರಿ. ಪವರ್ ಬದಲಿಸಿ. ಬೇರೆ ಎತ್ತರದಲ್ಲಿ ಮತ್ತೆ ಅದನ್ನೇ ಮಾಡಿ. ನೆಲಕ್ಕೆ ಬಂದು ಲಾಗ್ ನೋಡಿ ಟೇಬಲ್ ತಿದ್ದಿ. ಒಂದು ಹಾರಾಟದ ನಂತರ ಶೇ. 5ಕ್ಕಿಂತ ಜಾಸ್ತಿ ಲೀನ್ ಮಾಡಬೇಡಿ.

ಎತ್ತರದಲ್ಲಿ ಒಂದು ವಿಚಿತ್ರ ಕಾಣಬಹುದು. ಅದೇ ಆರ್‌ಪಿಎಂ, ಅದೇ ಮ್ಯಾನಿಫೋಲ್ಡ್ ಪ್ರೆಶರ್ ಇದ್ದರೂ ಕೆಳಗಿಗಿಂತ ಸ್ವಲ್ಪ ಲೀನ್ ತೋರಿಸುತ್ತದೆ. ಹೊರಗಿನ ಒತ್ತಡ ಕಡಿಮೆ ಆದ್ದರಿಂದ ಸುಟ್ಟ ಗ್ಯಾಸ್ ಸಲೀಸಾಗಿ ಹೊರಹೋಗುತ್ತದೆ, ಚೇಂಬರಿನಲ್ಲಿ ಹೊಸ ಗಾಳಿಗೆ ಜಾಗ ಹೆಚ್ಚುತ್ತದೆ. ಪೋರ್ಟ್‌ಗಳು ಒಟ್ಟಿಗೆ ತೆರೆದಿರುವ 13ಬಿಯಲ್ಲಿ ಇದು ಹೆಚ್ಚು, ರೆನೆಸಿಸ್‌ನಲ್ಲಿ ಕಡಿಮೆ. ಇಸಿಯುನಲ್ಲಿ ಬ್ಯಾರೊಮೀಟರ್ ಕರೆಕ್ಷನ್ ಇದ್ದರೆ ಅಲ್ಲಿ ತಿದ್ದಿ. ಇದಕ್ಕಾಗಿ ಟೇಬಲ್ ಕೆಡಿಸಬೇಡಿ.

ಗೋ-ಅರೌಂಡ್ (ಇಳಿಯದೆ ಮತ್ತೆ ಮೇಲೇರುವುದು) ಪರೀಕ್ಷೆಯನ್ನು ಎತ್ತರದಲ್ಲೇ ಮಾಡಿ. ಥ್ರಾಟಲ್ ಮುಚ್ಚಿ ಎರಡು ನಿಮಿಷ ಇಳಿಯಿರಿ. ಆಮೇಲೆ ಒಂದೇ ಸಲ ಪೂರ್ತಿ ತೆರೆಯಿರಿ. ತಡವರಿಸಿದರೆ ಲಾಗ್ ನೋಡಿ. ಮೊದಲು ಲೀನ್ ಆಗಿದ್ದರೆ ಆಕ್ಸಿಲರೇಶನ್ ಪೆಟ್ರೋಲ್ (ಥ್ರಾಟಲ್ ಥಟ್ಟನೆ ತೆರೆದಾಗ ಸೇರುವ ಹೆಚ್ಚುವರಿ ಪೆಟ್ರೋಲ್) ಹೆಚ್ಚಿಸಿ. ರಿಚ್ ಆಗಿದ್ದರೆ ಇಳಿಸಿ. ಇದು ಸರಿ ಆಗುವವರೆಗೆ ಬೇರೆ ಊರಿಗೆ ಹೋಗುವ ಯೋಚನೆ ಬೇಡ.

ಕ್ರೂಸ್‌ನಲ್ಲಿ (ಒಂದೇ ಎತ್ತರದ ಸ್ಥಿರ ಹಾರಾಟ) ಲೀನ್ ಮಾಡುವುದು ರೋಟರಿಯ ದೊಡ್ಡ ಸುಖ. ಶೇ. 75ಕ್ಕಿಂತ ಕಡಿಮೆ ಪವರ್‌ನಲ್ಲಿ ನಾಬನ್ನು ನಿಧಾನ ಲೀನ್ ಕಡೆ ತಿರುಗಿಸಿ. ಎಕ್ಸಾಸ್ಟ್ ಬಿಸಿ ಏರಿ, ಒಂದು ತುದಿ ಮುಟ್ಟಿ, ಮತ್ತೆ ಇಳಿಯಲು ಶುರುವಾಗುತ್ತದೆ. ತುದಿ ದಾಟಿ 15.5–16ರ ಬಳಿ ನಿಲ್ಲಿಸಿ. ಎಂಜಿನ್ ಜೋಲಿ ಹೊಡೆದರೆ ಸ್ವಲ್ಪ ವಾಪಸ್. ಪೆಟ್ರೋಲ್ ಉಳಿತಾಯ ಇಲ್ಲೇ ಇರುವುದು. ಎರಡು ರೋಟರ್‌ಗಳ ತುದಿ ಒಂದೇ ಸಲ ಬರದಿದ್ದರೆ ಇಂಜೆಕ್ಟರ್‌ಗಳ ಫ್ಲೋ ಸಮ ಇಲ್ಲ. ಬಿಚ್ಚಿ ಕ್ಲೀನ್ ಮಾಡಿಸಿ, ಅಳತೆ ಮಾಡಿಸಿ ಜೋಡಿ ಹೊಂದಿಸಿ.

ಪೆಟ್ರೋಲ್ ಬದಲಾದರೆ

ಮೇಲೆ ಹೇಳಿದ ಅನುಪಾತಗಳೆಲ್ಲ ಎಥನಾಲ್ ಇಲ್ಲದ ಪೆಟ್ರೋಲಿನ ಲೆಕ್ಕ. ಅದಕ್ಕೆ ಸಮತೋಲನದ (ಗಾಳಿ, ಪೆಟ್ರೋಲ್ ಎರಡೂ ಉಳಿಯದೆ ಉರಿಯುವ) ಅನುಪಾತ 14.7. ಈಗ ನಮ್ಮ ಬಂಕುಗಳಲ್ಲಿ ಸಿಗುವ ಇ20ಗೆ (ಶೇ. 20 ಎಥನಾಲ್ ಇರುವ ಪೆಟ್ರೋಲ್) ಅದು ಸುಮಾರು 13.5. ಸಾದಾ ಪೆಟ್ರೋಲಿಗೆ ಟ್ಯೂನ್ ಆದ ಎಂಜಿನ್‌ಗೆ ಇ20 ಹಾಕಿದರೆ ಸುಮಾರು ಶೇ. 8 ಲೀನ್ ಆಗುತ್ತದೆ. ಟೇಕಾಫ್‌ನಲ್ಲಿ ಇದು ಚಿಕ್ಕ ಸಂಖ್ಯೆ ಅಲ್ಲ. ಆದ್ದರಿಂದ ಮೀಟರನ್ನು ಲ್ಯಾಂಬ್ಡಾದಲ್ಲಿ (ಕಂಡ ಅನುಪಾತ ಭಾಗಿಸು ಸಮತೋಲನದ ಅನುಪಾತ) ಓದುವುದು ಉತ್ತಮ. ಯಾವ ಪೆಟ್ರೋಲ್ ಆದರೂ ಸಮತೋಲನ 1.00, ಫುಲ್ ಪವರ್ ಗುರಿ 0.82ರಿಂದ 0.85. ಎಥನಾಲ್ ನೀರು ಹೀರುತ್ತದೆ, ಕೆಲವು ಬಗೆಯ ರೆಸಿನ್ ಮತ್ತು ಟ್ಯಾಂಕ್ ಸೀಲಂಟನ್ನು ಮೆತ್ತಗೆ ಮಾಡುತ್ತದೆ. ಫೈಬರ್‌ಗ್ಲಾಸ್ ಟ್ಯಾಂಕ್ ಇರುವವರು ಮೊದಲು ಒಂದು ತುಂಡನ್ನು ಬಾಟಲಿಯಲ್ಲಿ ವಾರಗಟ್ಟಲೆ ನೆನೆಸಿಟ್ಟು ನೋಡಿ.

ಇಂಜೆಕ್ಟರ್, ರೆಗ್ಯುಲೇಟರ್, ಏರ್ ಫಿಲ್ಟರ್, ಎಕ್ಸಾಸ್ಟ್ ಪೈಪ್ ಇವುಗಳಲ್ಲಿ ಯಾವುದೇ ಒಂದು ಬದಲಾದರೂ ಫುಲ್ ಥ್ರಾಟಲ್ ಮಿಕ್ಸ್‌ಚರನ್ನು ನೆಲದ ಮೇಲೆ ಮತ್ತೆ ಅಳೆಯಿರಿ. ಹೊಸ ಟೇಬಲನ್ನು ಹೊಸ ಹೆಸರಿನಲ್ಲಿ ಸೇವ್ ಮಾಡಿ, ಹಳೆಯದನ್ನು ಅಳಿಸಬೇಡಿ. ತಾರೀಕು, ಪೆಟ್ರೋಲ್ ಬಗೆ, ಏನು ಬದಲಾಯಿತು ಅನ್ನುವುದನ್ನು ಎಂಜಿನ್ ಲಾಗ್‌ಬುಕ್‌ನಲ್ಲೂ ಬರೆದಿಡಿ.